ಆ ಹತ್ತು ಸೆಕೆಂಡಿನ ಅಂತರ: ಎಲ್ಲ ಬಗೆಯ ಕಲಿಯುವವರಿಗೂ ಲೈವ್ ಪಾಠ ಮಾಡುವುದು ಹೇಗೆ

ನನ್ನ ಮೊದಲ ಲೈವ್ ಪಾಠ ಭಿನ್ನರಾಶಿ ಕೂಡುವುದರ ಬಗ್ಗೆ ಇತ್ತು. 1/2ಕ್ಕೆ 1/3 ಕೂಡಿದರೆ ಎಷ್ಟು ಅಂತ ಕೇಳಿದೆ. ಮೂರು ಸೆಕೆಂಡು ಕಾದೆ. ಚಾಟ್ ಖಾಲಿ. ಯಾರಿಗೂ ಗೊತ್ತಿಲ್ಲ ಅಂದುಕೊಂಡು ಉತ್ತರ ನಾನೇ ಹೇಳಿಬಿಟ್ಟೆ. "ಛೇದ ಒಂದೇ ಇದ್ದರೆ ಅಂಶಗಳನ್ನು ನೇರವಾಗಿ ಕೂಡಬಹುದಾ, ಹೌದಾ ಅಲ್ವಾ?" ಅಂತ ಮುಂದಿನ ಪ್ರಶ್ನೆಗೆ ಹಾರಿದೆ. ಆಗ ಚಾಟ್‌ನಲ್ಲಿ ಉತ್ತರಗಳು ಸುರಿಯತೊಡಗಿದವು. 2/5. 5/6. 2/5. ಮತ್ತೆ 2/5. ಹೌದು-ಅಲ್ಲ ಕೇಳಿದರೆ ಇವರೇಕೆ ಸಂಖ್ಯೆ ಬರೀತಿದ್ದಾರೆ ಅಂತ ನನಗೆ ಸಿಟ್ಟು.

ಅವರು ಬರೆದದ್ದು ಮೊದಲ ಪ್ರಶ್ನೆಗೆ. ಅದು ಅವರನ್ನು ತಲುಪಿದ್ದೇ ತಡವಾಗಿ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿ 2/5 ಬರೆದಿದ್ದರಲ್ಲ, ನಿಜವಾಗಿ ಆ ತಪ್ಪೇ ಅವತ್ತಿನ ಪಾಠ ಆಗಬೇಕಿತ್ತು. ಅದು ನನ್ನ ಕಣ್ಣೆದುರೇ ಮೇಲಕ್ಕೆ ಸರಿದು ಮಾಯವಾಯಿತು.

ಲೈವ್ ಅಂದರೆ ಅದೇ ಕ್ಷಣ ಅಲ್ಲ. ನಿಮ್ಮ ಕ್ಯಾಮೆರಾದ ಚಿತ್ರವನ್ನು ಮೊದಲು ಕುಗ್ಗಿಸಬೇಕು. ಅದು ಸರ್ವರ್‌ಗೆ ಹೋಗುತ್ತದೆ. ಸರ್ವರ್ ಅದನ್ನು ಕೆಲವೇ ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಚಿಕ್ಕದು ದೊಡ್ಡದು ಅಂತ ಹಲವು ಗಾತ್ರದಲ್ಲಿ ಸಿದ್ಧ ಮಾಡುತ್ತದೆ. ನೋಡುವವರ ಫೋನು ಅಂಥ ಕೆಲವು ತುಂಡುಗಳನ್ನು ಮೊದಲೇ ಕೂಡಿಟ್ಟುಕೊಂಡು ಆಮೇಲೆ ತೋರಿಸಲು ಶುರು ಮಾಡುತ್ತದೆ. ನೆಟ್‌ವರ್ಕ್ ಸ್ವಲ್ಪ ತಡವರಿಸಿದರೂ ಚಿತ್ರ ನಿಲ್ಲಬಾರದು ಅಂತ ಈ ಏರ್ಪಾಡು. ಇಷ್ಟೆಲ್ಲ ಆಗುವ ಹೊತ್ತಿಗೆ ಐದು ಸೆಕೆಂಡಿನಿಂದ ಅರ್ಧ ನಿಮಿಷದವರೆಗೆ ಕಳೆದಿರುತ್ತದೆ.

ಈ ಅಂತರವನ್ನು ಕಡಿಮೆ ಮಾಡಲು ನಾನು ತುಂಬ ದಿನ ಒದ್ದಾಡಿದೆ. ಈಗ ಬಿಟ್ಟಿದ್ದೇನೆ. ಅಂತರ ಇದೆ ಅಂತ ಒಪ್ಪಿಕೊಂಡು ಅದರ ಸುತ್ತಲೇ ಪಾಠ ಕಟ್ಟಿದರೆ, ನಿಧಾನವಾಗಿ ಯೋಚಿಸುವವರು, ನಿಧಾನವಾಗಿ ಟೈಪ್ ಮಾಡುವವರು, ಕ್ಯಾಪ್ಶನ್ (ಮಾತನ್ನು ಪರದೆಯಲ್ಲಿ ತೋರಿಸುವ ಬರಹ) ಓದುವವರು, ಸನ್ನೆ ಭಾಷೆ ನೋಡುವವರು ಎಲ್ಲರೂ ಒಟ್ಟಿಗೆ ಬರುತ್ತಾರೆ. ಕೆಳಗಿನ ಹಂತಗಳೆಲ್ಲ ಇದನ್ನೇ ನಂಬಿ ಬರೆದವು.

ಹಂತ 1: ಇದು ಲೈವ್ ಆಗಲೇಬೇಕಾ?

ನಲವತ್ತು ನಿಮಿಷ ನೀವೊಬ್ಬರೇ ಮಾತಾಡುವುದಾದರೆ ರೆಕಾರ್ಡ್ ಮಾಡಿ ಕಳಿಸಿ. ಕಲಿಯುವವರು ಬೇಕಾದಲ್ಲಿ ನಿಲ್ಲಿಸಬಹುದು, ಹಿಂದಕ್ಕೆ ಹೋಗಬಹುದು, ವೇಗ ಇಳಿಸಬಹುದು. ಲೈವ್‌ನಲ್ಲಿ ಅದೆಲ್ಲ ಕಷ್ಟ.

ಲೈವ್ ಬೇಕಾಗುವುದು ಅವರ ಉತ್ತರ ನೋಡಿ ನಿಮ್ಮ ಮುಂದಿನ ಮಾತು ಬದಲಾಗಬೇಕಾದಾಗ. ಲೆಕ್ಕದಲ್ಲಿ ಎಲ್ಲಿ ತಪ್ಪುತ್ತಿದ್ದಾರೆ ಅಂತ ಹುಡುಕುವುದು, ಪ್ರಯೋಗ ಮಾಡುತ್ತಾ "ಈಗ ಏನಾಗಬಹುದು?" ಅಂತ ಊಹೆ ಕೇಳುವುದು, ಅವರು ಬರೆದ ಪ್ರಬಂಧವನ್ನು ಕಣ್ಣೆದುರೇ ತಿದ್ದಿ ತೋರಿಸುವುದು, ಸಂದೇಹಕ್ಕೆ ಉತ್ತರ ಕೊಡುವುದು. ಮೂಲ ವಿವರಣೆಯನ್ನು ಪುಟ್ಟ ವಿಡಿಯೋ ಮಾಡಿ ಹಿಂದಿನ ದಿನವೇ ಕಳಿಸಿ, ಲೈವ್‌ಅನ್ನು ಇಂಥದ್ದಕ್ಕೆ ಮಾತ್ರ ಇಟ್ಟುಕೊಳ್ಳುವುದು ನನ್ನ ಪದ್ಧತಿ.

ಆ ಪುಟ್ಟ ವಿಡಿಯೋ ನಿಜವಾಗಿ ಪುಟ್ಟದಾಗಿರಲಿ. ಫಿಲಿಪ್ ಗುವೋ ಮತ್ತು ಜೊತೆಗಾರರು 2014ರಲ್ಲಿ ಎಡ್‌ಎಕ್ಸ್ ಅನ್ನುವ ಆನ್‌ಲೈನ್ ಕಲಿಕಾ ತಾಣದ ಕೋರ್ಸುಗಳ ಸುಮಾರು 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ್ದರು. ವಿಡಿಯೋ ಎಷ್ಟೇ ಉದ್ದ ಇರಲಿ, ಜನ ಸಾಮಾನ್ಯವಾಗಿ ನೋಡಿದ್ದು ಹೆಚ್ಚೆಂದರೆ ಆರು ನಿಮಿಷ. ಅದು ರೆಕಾರ್ಡ್ ಆದ ಪಾಠಗಳ ಮಾತು, ಲೈವ್‌ಗೆ ಹಾಗೇ ಅನ್ವಯಿಸಲು ಬರುವುದಿಲ್ಲ. ಆದರೂ ಲೈವ್‌ನಲ್ಲಿ ನಾನು ಏಳೆಂಟು ನಿಮಿಷಕ್ಕಿಂತ ಜಾಸ್ತಿ ಒಂದೇ ಸಮ ಮಾತಾಡುವುದಿಲ್ಲ. ಅಷ್ಟರಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ.

ಹಂತ 2: ಮೊದಲೇ ಮೂರು ಪ್ರಶ್ನೆ ಕೇಳಿ

ಯಾರಿಗೆ ಏನು ತೊಂದರೆ ಅಂತ ಪಟ್ಟಿ ಮಾಡಲು ಹೋಗಬೇಡಿ. ಬಹಳ ಜನ ಹೇಳಿಕೊಳ್ಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಬದಲಿಗೆ ಒಂದು ವಾರ ಮೊದಲು ಹೀಗೆ ಕೇಳಿ: ಯಾವುದರಲ್ಲಿ ನೋಡುತ್ತೀರಿ, ಫೋನಾ ಕಂಪ್ಯೂಟರಾ? ಒಂದು ಪಾಠಕ್ಕೆ ಎಷ್ಟು ಡೇಟಾ ಖರ್ಚು ಮಾಡಬಲ್ಲಿರಿ? ಪಾಠ ಸುಲಭವಾಗಲು ನಾವು ಏನು ಮಾಡಿದರೆ ಒಳ್ಳೆಯದು?

ಮೂರನೆಯ ಪ್ರಶ್ನೆಗೆ ಬರುವ ಉತ್ತರಗಳೇ ಚಿನ್ನ. ಕ್ಯಾಪ್ಶನ್ ಬೇಕು, ಸ್ಲೈಡ್ ಮೊದಲೇ ಕೊಡಿ, ಚಾಟ್‌ನಲ್ಲಿ ಹೆಸರು ಹಿಡಿದು ಕರೆಯಬೇಡಿ, ಮನೆಯಲ್ಲಿ ಗಲಾಟೆ ಹಾಗಾಗಿ ಮೈಕ್ ಆನ್ ಮಾಡಲು ಆಗಲ್ಲ. ಇಂಥವು ಬರುತ್ತವೆ. ಒಬ್ಬರಿಗಾಗಿ ಮಾಡಿದ್ದು ಹತ್ತು ಜನರಿಗೆ ಅನುಕೂಲ ಆಗುವುದನ್ನು ನೀವೇ ನೋಡುತ್ತೀರಿ.

ಹಂತ 3: ವೇದಿಕೆ ಆರಿಸಿ, ಅಂತರ ಅಳೆಯಿರಿ

ಇಪ್ಪತ್ತು ಮೂವತ್ತು ಜನ ಇದ್ದು, ಎಲ್ಲರೂ ಮಾತಾಡಬೇಕು ಅಂದರೆ ಜೂಮ್ ಥರದ ಮೀಟಿಂಗ್ ಒಳ್ಳೆಯದು. ಅಲ್ಲಿ ಅಂತರ ಒಂದು ಸೆಕೆಂಡಿಗೂ ಕಡಿಮೆ ಇರುವುದೇ ಹೆಚ್ಚು. ಜನ ಜಾಸ್ತಿ, ನೆಟ್‌ವರ್ಕ್ ದುರ್ಬಲ ಅಂದರೆ ಯೂಟ್ಯೂಬ್ ಥರದ ಸ್ಟ್ರೀಮ್ ವಾಸಿ. ಚಿತ್ರ ತಾನಾಗಿ ಚಿಕ್ಕದಾಗುತ್ತದೆ, ಹಿಂದಕ್ಕೆ ಎಳೆದು ನೋಡಬಹುದು, ಮುಖ ತೋರಿಸುವ ಒತ್ತಡ ಇಲ್ಲ.

ಯೂಟ್ಯೂಬ್ ಆರಿಸಿದರೆ ಕೆಲವು ವಿಷಯ ಮೊದಲೇ ತಿಳಿದಿರಲಿ. ಹೊಸ ಚಾನೆಲ್‌ನಲ್ಲಿ ಲೈವ್ ಚಾಲೂ ಆಗಲು 24 ಗಂಟೆಯವರೆಗೆ ಹಿಡಿಯಬಹುದು. ನಾಳೆ ಬೆಳಿಗ್ಗೆ ಪಾಠ ಇದ್ದು ಇವತ್ತು ರಾತ್ರಿ ಕೂತರೆ ಕೆಟ್ಟಿರಿ. ಫೋನ್ ಆ್ಯಪ್‌ನಿಂದ ನೇರ ಲೈವ್ ಮಾಡಲು ಕನಿಷ್ಠ 50 ಚಂದಾದಾರರು ಬೇಕು. ಕಂಪ್ಯೂಟರ್‌ನಿಂದ ಮಾಡುವುದಾದರೆ ಈ ಷರತ್ತು ಇಲ್ಲ. "ಮಕ್ಕಳಿಗಾಗಿ ಮಾಡಿದ್ದು" ಅಂತ ಗುರುತು ಹಾಕಿದರೆ ಲೈವ್ ಚಾಟ್ ಇರುವುದಿಲ್ಲ. ಹಾಗಾಗಿ ಚಿಕ್ಕ ಮಕ್ಕಳ ಪಾಠಕ್ಕೆ ಉತ್ತರ ಪಡೆಯಲು ಬೇರೆ ದಾರಿ ಬೇಕು. ಮೀಟಿಂಗ್, ಇಲ್ಲವೇ ಉತ್ತರ ತುಂಬುವ ಒಂದು ಫಾರ್ಮ್. ವಿದ್ಯಾರ್ಥಿಗಳೇ ಪಾಠ ಮಾಡಲಿ ಅನ್ನುವ ಯೋಚನೆ ಇದ್ದರೆ, 2025ರ ಜುಲೈನಿಂದ ಯೂಟ್ಯೂಬ್‌ನಲ್ಲಿ ಒಬ್ಬರೇ ಲೈವ್ ಮಾಡಲು ಕನಿಷ್ಠ 16 ವರ್ಷ ಆಗಿರಬೇಕು. ಇನ್ನು "ಅನ್‌ಲಿಸ್ಟೆಡ್" ಅಂದರೆ ಗುಟ್ಟು ಅಂತ ಅರ್ಥ ಅಲ್ಲ. ಲಿಂಕ್ ಸಿಕ್ಕ ಯಾರು ಬೇಕಾದರೂ ನೋಡಬಹುದು. ಹಾಜರಿ ಪಟ್ಟಿ, ಅಂಕಗಳು ಪರದೆ ಮೇಲೆ ಬರದಂತೆ ನೋಡಿಕೊಳ್ಳಿ.

ಯೂಟ್ಯೂಬ್‌ನಲ್ಲಿ ಲೇಟೆನ್ಸಿ, ಅಂದರೆ ಈ ಅಂತರ, ಅಂತ ಒಂದು ಸೆಟ್ಟಿಂಗ್ ಸಿಗುತ್ತದೆ. ನಾರ್ಮಲ್, ಲೋ, ಅಲ್ಟ್ರಾ ಲೋ. ಅಂತರ ಕಡಿಮೆ ಮಾಡಿದಷ್ಟೂ ನೋಡುವವರ ಫೋನಿನಲ್ಲಿ ಕೂಡಿಟ್ಟ ತುಂಡುಗಳು ಕಡಿಮೆ. ಅಂದರೆ ದುರ್ಬಲ ನೆಟ್‌ವರ್ಕ್ ಇರುವವರ ಪರದೆಯಲ್ಲಿ ಆ ಚಕ್ರ ತಿರುಗುವುದು ಜಾಸ್ತಿ. ನಾನು "ಲೋ" ಇಡುತ್ತೇನೆ. ಅಲ್ಟ್ರಾ ಲೋ ಇಟ್ಟರೆ ಅನುಕೂಲ ಆಗುವುದು ಒಳ್ಳೆಯ ನೆಟ್‌ವರ್ಕ್ ಇರುವವರಿಗೆ. ಅವರಿಗೆ ನನ್ನ ಸಹಾಯ ಹೇಗೂ ಅಷ್ಟಾಗಿ ಬೇಕಿಲ್ಲ.

ಈಗ ಅಳೆಯಿರಿ. ಸೆಕೆಂಡು ತೋರಿಸುವ ಗಡಿಯಾರವನ್ನು ಕ್ಯಾಮೆರಾ ಮುಂದೆ ಹಿಡಿಯಿರಿ. ಇನ್ನೊಂದು ಫೋನಿನಲ್ಲಿ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ನಿಮ್ಮದೇ ಸ್ಟ್ರೀಮ್ ನೋಡಿ. ಕೈಯಲ್ಲಿರುವ ಗಡಿಯಾರ 40 ತೋರಿಸುವಾಗ ಫೋನಿನಲ್ಲಿ 28 ಕಂಡರೆ ನಿಮ್ಮ ಅಂತರ 12 ಸೆಕೆಂಡು. ಇದನ್ನು ಚೀಟಿಯಲ್ಲಿ ಬರೆದು ಕಂಪ್ಯೂಟರ್ ಅಂಚಿಗೆ ಅಂಟಿಸಿ. ಮುಂದೆ ಬೇಕಾಗುತ್ತದೆ.

ಹಂತ 4: ದನಿ ಮೊದಲು, ಚಿತ್ರ ಆಮೇಲೆ

ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ. ದನಿ ಕರಕರ ಅಂದರೆ ಎದ್ದು ಹೋಗುತ್ತಾರೆ. ಕ್ಯಾಪ್ಶನ್ ಬರೆಯುವ ಸಾಫ್ಟ್‌ವೇರ್ ಕೂಡ ನಿಮ್ಮ ದನಿಯನ್ನೇ ನಂಬಿಕೊಂಡಿದೆ. ದನಿ ಕೆಟ್ಟರೆ ಅದೂ ಕೆಡುತ್ತದೆ. ದುಡ್ಡು ಇದ್ದರೆ ಮೊದಲು ಮೈಕ್‌ಗೆ ಹಾಕಿ, ಕ್ಯಾಮೆರಾಗೆ ಅಲ್ಲ.

ಮೈಕ್ ಬಾಯಿಂದ ಒಂದು ಗೇಣು ದೂರ ಇರಲಿ. ಕೋಣೆ ಖಾಲಿ ಇದ್ದರೆ ದನಿ ಮೊಳಗುತ್ತದೆ. ಕಿಟಕಿ ಪರದೆ, ಕಂಬಳಿ, ಪುಸ್ತಕದ ಕಪಾಟು ಯಾವುದಿದ್ದರೂ ಮೊಳಗು ತಗ್ಗುತ್ತದೆ. ಕಂಪ್ಯೂಟರ್‌ನಿಂದ ಲೈವ್ ಕಳಿಸಲು ಒಬಿಎಸ್ ಸ್ಟುಡಿಯೋ ಅನ್ನುವ ಉಚಿತ ಸಾಫ್ಟ್‌ವೇರ್ ಬಳಸುವುದಾದರೆ ಅದರಲ್ಲಿ ಹಸಿರು, ಹಳದಿ, ಕೆಂಪು ಬಣ್ಣದ ದನಿಯ ಪಟ್ಟಿ ಇದೆ. ಮಾತಾಡುವಾಗ ಅದು ಹಳದಿಯಲ್ಲಿ, ಅಂದರೆ ಮೈನಸ್ 20ರಿಂದ ಮೈನಸ್ 9 ಡೆಸಿಬೆಲ್ ನಡುವೆ ಆಡುತ್ತಿರಬೇಕು. ಕೆಂಪು ಮುಟ್ಟುತ್ತಿದ್ದರೆ ಇಳಿಸಿ. ಫ್ಯಾನಿನ ಸದ್ದು ತೆಗೆಯಲು ಅದರಲ್ಲೇ ನಾಯ್ಸ್ ಸಪ್ರೆಶನ್ ಅಂತ ಫಿಲ್ಟರ್ ಇದೆ, ಹಾಕಿಕೊಳ್ಳಿ.

ಬೆಳಕು ನಿಮ್ಮ ಮುಖದ ಮುಂದಿನಿಂದ ಬರಲಿ. ಕಿಟಕಿಗೆ ಬೆನ್ನು ಕೊಟ್ಟು ಕೂತರೆ ಮುಖ ಕಪ್ಪು ನೆರಳಾಗುತ್ತದೆ. ತುಟಿ ನೋಡಿ ಮಾತು ಹಿಡಿಯುವವರಿಗೆ ಆಮೇಲೆ ಏನೂ ಉಳಿಯುವುದಿಲ್ಲ.

ಹಂತ 5: ಡೇಟಾ ಲೆಕ್ಕ

ಲೆಕ್ಕ ಸರಳ. ಸೆಕೆಂಡಿಗೆ 1 ಮೆಗಾಬಿಟ್ ಹರಿದರೆ ಗಂಟೆಗೆ 450 ಎಂಬಿ. ನೀವು 720ಪಿ (ಚಿತ್ರದ ಎತ್ತರಕ್ಕೆ 720 ಚುಕ್ಕೆ) ಗಾತ್ರದಲ್ಲಿ ಸುಮಾರು 4 ಮೆಗಾಬಿಟ್ ವೇಗದಲ್ಲಿ ಕಳಿಸಿದರೆ ನಿಮ್ಮ ಕಡೆಯಿಂದ ಗಂಟೆಗೆ 1.8 ಜಿಬಿ ಹೋಗುತ್ತದೆ. ಇಲ್ಲಿ ಬೇಕಾದದ್ದು ಅಪ್‌ಲೋಡ್ ವೇಗ. ಸ್ಪೀಡ್ ಟೆಸ್ಟ್ ಮಾಡಿದಾಗ ಎಲ್ಲರೂ ದೊಡ್ಡ ಸಂಖ್ಯೆ ನೋಡಿ ಖುಷಿಪಡುತ್ತಾರೆ. ಅದು ಡೌನ್‌ಲೋಡ್. ಪಕ್ಕದ ಚಿಕ್ಕ ಸಂಖ್ಯೆ ನೋಡಿ. ಕಳಿಸುವುದರ ಎರಡರಷ್ಟಾದರೂ ಇರಲಿ. ಇಲ್ಲದಿದ್ದರೆ 480ಪಿಗೆ ಇಳಿಯಿರಿ, ನಾಚಿಕೆ ಏನಿಲ್ಲ.

ನೋಡುವವರ ಕಡೆ ಚಿತ್ರ 240ಪಿಗೆ ಇಳಿಯಬಹುದು. ಅಂದರೆ ಇಡೀ ಚಿತ್ರದ ಎತ್ತರಕ್ಕೆ 240 ಚುಕ್ಕೆ. ಸ್ಲೈಡಿನಲ್ಲಿ 20 ಸಾಲು ತುಂಬಿದರೆ ಒಂದು ಸಾಲಿಗೆ ಸಿಗುವುದು 12 ಚುಕ್ಕೆ. ಅಷ್ಟರಲ್ಲೇ ಅಕ್ಷರ, ಅದರ ಮೇಲಿನ ಗುಡಿಸು, ಕೆಳಗಿನ ಒತ್ತು, ಸಾಲುಗಳ ನಡುವಿನ ಜಾಗ. "ಸ್ತ್ರೀ" ಅಂತ ಬರೆದದ್ದು ಒಂದು ಕಪ್ಪು ಉಂಡೆಯಾಗಿ ಕಾಣುತ್ತದೆ! ಹಾಗಾಗಿ ಸ್ಲೈಡಿಗೆ 7 ಸಾಲು ಸಾಕು. ಮುಗಿಸಿದ ಮೇಲೆ ಫೋನಿನಲ್ಲಿ 240ಪಿ ಆರಿಸಿ, ಕೈ ಚಾಚಿ ಹಿಡಿದು ಓದಿ ನೋಡಿ. ಓದಲು ಆಗದ ಸ್ಲೈಡನ್ನು ಎರಡಾಗಿ ಒಡೆಯಿರಿ.

ಡೇಟಾ ತೀರಾ ಕಡಿಮೆ ಇರುವವರಿಗೆ ಸ್ಲೈಡುಗಳ ಪಿಡಿಎಫ್ ಮೊದಲೇ ಕಳಿಸಿ, ಪುಟ ಸಂಖ್ಯೆ ಹಾಕಿ. ಪಾಠ ಮಾಡುವಾಗ "ಈಗ ಪುಟ 4" ಅಂತ ಹೇಳಿ. ಚಿತ್ರ ನಿಂತುಹೋದರೂ ಬರೀ ದನಿ ಕೇಳಿ ಅವರು ಹಿಂಬಾಲಿಸಬಲ್ಲರು. ಕಣ್ಣು ಮಂದ ಇರುವವರಿಗೂ ಇದೇ ಪಿಡಿಎಫ್ ತಮಗೆ ಬೇಕಾದಷ್ಟು ದೊಡ್ಡದು ಮಾಡಿಕೊಂಡು ನೋಡಲು ಆಗುತ್ತದೆ. ಪೂರ್ತಿ ಕಣ್ಣು ಕಾಣದವರು ಸ್ಕ್ರೀನ್ ರೀಡರ್‌ನಲ್ಲಿ ಓದಿಸಿಕೊಳ್ಳುತ್ತಾರೆ. ಅದಕ್ಕಾಗಿ ಪಿಡಿಎಫ್‌ನಲ್ಲಿ ನಿಜವಾದ ಅಕ್ಷರ ಇರಬೇಕು, ಸ್ಲೈಡಿನ ಫೋಟೋ ಕಳಿಸಿದರೆ ಪ್ರಯೋಜನ ಇಲ್ಲ.

ಹಂತ 6: ಕ್ಯಾಪ್ಶನ್ ಮತ್ತು ಸನ್ನೆ ಭಾಷೆ

ವೆಬ್ ಎಲ್ಲರಿಗೂ ಸಿಗುವಂತಿರಬೇಕು ಅಂತ, ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಮಾಡಿದ ಡಬ್ಲ್ಯುಸಿಎಜಿ ನಿಯಮಗಳಿವೆ. ಅದರಲ್ಲಿ ದನಿ ಇರುವ ಲೈವ್ ವಿಡಿಯೋಗೆ ಕ್ಯಾಪ್ಶನ್ ಬೇಕು ಅನ್ನುವುದು ಎರಡು ಎ (AA) ಮಟ್ಟದ, ಅಂದರೆ ಮೂರು ಮಟ್ಟಗಳಲ್ಲಿ ನಡುವಿನದರ ನಿಯಮ. 2008ರ ಆವೃತ್ತಿಯಿಂದಲೇ ಇದೆ.

ತಾನಾಗಿ ಬರುವ ಕ್ಯಾಪ್ಶನ್ ನಿಮ್ಮ ಪಾಠದ ಭಾಷೆಗೆ ಸಿಗುತ್ತದಾ ಅಂತ ಪಾಠಕ್ಕೆ ಮುಂಚೆ ಒಂದು ಪ್ರಾಯೋಗಿಕ ಪ್ರಸಾರದಲ್ಲೇ ನೋಡಿ. ಸಿಕ್ಕರೂ ಅದು ಎಡವುವುದು ಹೆಸರುಗಳಲ್ಲಿ, ಪಾರಿಭಾಷಿಕ ಪದಗಳಲ್ಲಿ, ಎರಡು ಭಾಷೆ ಬೆರೆಸಿ ಮಾತಾಡುವಾಗ. ಪಾಠದಲ್ಲಿ ಹೆಚ್ಚು ಭಾರ ಹೊರುವ ಪದಗಳೂ ಅವೇ. ಆದ್ದರಿಂದ ಅವತ್ತಿನ ಎಂಟು ಹತ್ತು ಮುಖ್ಯ ಪದಗಳನ್ನು ಪಿಡಿಎಫ್‌ನ ಮೊದಲ ಪುಟದಲ್ಲಿ ಕೊಡಿ. ಹೊಸ ಪದ ಹೇಳುವಾಗ ಪರದೆಯಲ್ಲಿ ಬರೆಯಿರಿ. ಟೈಪಿಂಗ್ ಚುರುಕಾಗಿರುವ ಯಾರಾದರೂ ಇದ್ದರೆ ಸಾರಾಂಶವನ್ನು ಚಾಟ್‌ನಲ್ಲಿ ಹಾಕುತ್ತಾ ಹೋಗಲಿ. ಪೂರ್ತಿ ಕ್ಯಾಪ್ಶನ್‌ಗೆ ಸಮ ಅಲ್ಲ, ಆದರೆ ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು. ಸ್ಲೈಡಿನ ಕೆಳಗಿನ ಐದನೇ ಒಂದು ಭಾಗ ಖಾಲಿ ಬಿಡಿ, ಕ್ಯಾಪ್ಶನ್ ಬಂದು ಕೂರುವುದು ಅಲ್ಲೇ.

ಸನ್ನೆ ಭಾಷೆಯ ಅನುವಾದಕರು ಇದ್ದರೆ ಅವರ ಚೌಕ ತೀರಾ ಚಿಕ್ಕದಾಗದಿರಲಿ. ಬೆರಳುಗಳು ಮಾತ್ರ ಅಲ್ಲ, ಮುಖದ ಭಾವವೂ ಆ ಭಾಷೆಯ ವ್ಯಾಕರಣ. ಬರೀ ಅಂಗೈಯಷ್ಟು ಜಾಗದಲ್ಲಿ ಅದು ಕಾಣುವುದಿಲ್ಲ. ಸ್ಲೈಡನ್ನೇ ಸ್ವಲ್ಪ ಚಿಕ್ಕದು ಮಾಡಿ ಪಕ್ಕದಲ್ಲಿ ಕೂರಿಸಿ, ಮೇಲೆ ಅಂಟಿಸಬೇಡಿ. ಉದ್ದದ ಪಾಠ ಆದರೆ ಇಬ್ಬರು ಬೇಕು. ಸುಮಾರು 20 ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ಅದು ಅಷ್ಟು ದಣಿವಿನ ಕೆಲಸ. ಪಾಠದ ಟಿಪ್ಪಣಿ ಅವರಿಗೂ ಎರಡು ದಿನ ಮೊದಲು ಸಿಗಲಿ.

ಒಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ಕಿವಿ ಕೇಳಿಸುವವರು ಸ್ಲೈಡ್ ನೋಡುತ್ತಲೇ ಮಾತು ಕೇಳುತ್ತಾರೆ. ಕಿವಿ ಕೇಳಿಸದವರಿಗೆ ಎರಡೂ ಬರುವುದು ಕಣ್ಣಿನಿಂದಲೇ. ಸ್ಲೈಡ್ ನೋಡಿದರೆ ಸನ್ನೆ ತಪ್ಪುತ್ತದೆ, ಸನ್ನೆ ನೋಡಿದರೆ ಸ್ಲೈಡ್ ತಪ್ಪುತ್ತದೆ. ಬರೆಯುತ್ತಾ ಮಾತಾಡುವ ನಮ್ಮ ಚಾಳಿ ಅವರಿಗೆ ಎರಡು ಕಡೆಯಿಂದಲೂ ನಷ್ಟ. ಹಾಗಾಗಿ ಬರೆಯಿರಿ. ನಿಲ್ಲಿಸಿ. ಅವರು ನೋಡಲಿ. ಆಮೇಲೆ ಮಾತಾಡಿ. ಮೊದಮೊದಲು ಈ ಮೌನ ಮುಜುಗರ ಅನಿಸುತ್ತದೆ. ಟಿಪ್ಪಣಿ ಬರೆದುಕೊಳ್ಳುವ ಉಳಿದವರು ಮಾತ್ರ ನೆಮ್ಮದಿಯ ನಿಟ್ಟುಸಿರು ಬಿಡುತ್ತಾರೆ.

ಹಂತ 7: "ಇಲ್ಲಿ", "ಇದು" ಬಿಡಿ

"ಇಲ್ಲಿ ನೋಡಿ, ಇದನ್ನು ತಂದು ಇಲ್ಲಿ ಹಾಕಿದರೆ ಇದು ಬರುತ್ತೆ." ಪರದೆ ಕಾಣದವರಿಗೆ, ಚಿತ್ರ ನಿಂತುಹೋದವರಿಗೆ ಈ ಸಾಲಿನಲ್ಲಿ ಏನಿದೆ? ಏನೂ ಇಲ್ಲ. "1/2ರ ಮೇಲೆ ಕೆಳಗೆ ಎರಡೂ ಕಡೆ 3ರಿಂದ ಗುಣಿಸಿದರೆ 3/6 ಆಗುತ್ತದೆ" ಅನ್ನಿ. ಕಣ್ಣು ಮುಚ್ಚಿ ಕೇಳಿದವರೂ ಬರೆದುಕೊಳ್ಳಬಹುದು. ಬಣ್ಣದ ಮಾತೂ ಅಷ್ಟೇ. "ಕೆಂಪು ಗೆರೆ" ಅನ್ನುವ ಬದಲು "ಚುಕ್ಕೆ ಚುಕ್ಕೆಯ ಕೆಂಪು ಗೆರೆ, ಮೇಲಿನದು" ಅನ್ನಿ. ಕೆಂಪು ಹಸಿರು ಬೇರೆ ಅಂತ ಗೊತ್ತಾಗದವರು ಯಾವ ಗುಂಪಿನಲ್ಲೂ ಇರಬಹುದು.

ಇಲ್ಲೊಂದು ತೊಡಕಿದೆ. ರಿಚರ್ಡ್ ಮೇಯರ್ ಅನ್ನುವ ಮನಶ್ಶಾಸ್ತ್ರಜ್ಞರ ಸಂಶೋಧನೆ ಪ್ರಕಾರ, ಚಿತ್ರದ ಜೊತೆ ಮಾತಿನಲ್ಲಿ ಹೇಳುವುದನ್ನೇ ಅಕ್ಷರ ಅಕ್ಷರ ಪರದೆಯಲ್ಲೂ ಹಾಕಿದರೆ ಕಲಿಕೆ ಕುಗ್ಗಬಹುದು. ಕಣ್ಣು ಕಾಣದವರಿಗಾದರೋ ಪರದೆಯಲ್ಲಿರುವುದೆಲ್ಲ ಮಾತಿನಲ್ಲಿ ಬರಲೇಬೇಕು. ಯಾರ ಮಾತು ಕೇಳುವುದು? ನಾನು ಕಂಡುಕೊಂಡ ದಾರಿ ಅಂದರೆ ಸ್ಲೈಡಿನಲ್ಲಿ ಬರಹವನ್ನೇ ಕಡಿಮೆ ಮಾಡುವುದು. ಒಂದು ಚಿತ್ರ, ನಾಲ್ಕೈದು ಪದ. ಅದನ್ನು ವಿವರಿಸಿ ಹೇಳಲು ಕಷ್ಟ ಇಲ್ಲ, ಓದಿ ಹೇಳಿದ ಹಾಗೂ ಆಗುವುದಿಲ್ಲ.

ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ವ್ಯತ್ಯಾಸ ಕನಿಷ್ಠ 4.5ಕ್ಕೆ 1 ಇರಬೇಕು, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಸಾಕು. ಇದೂ ಡಬ್ಲ್ಯುಸಿಎಜಿ ನಿಯಮ. ಅಳೆಯುವ ಉಚಿತ ಸಾಧನಗಳು ವೆಬ್‌ನಲ್ಲಿ ಬೇಕಾದಷ್ಟಿವೆ. ತಲೆನೋವು ಬೇಡ ಅಂದರೆ ಬಿಳಿ ಮೇಲೆ ಕಪ್ಪು, ಮುಗಿಯಿತು. ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಸಲ ಮಿನುಗುವ ಯಾವುದೂ ಪರದೆಯಲ್ಲಿ ಬೇಡ. ಕೆಲವರಿಗೆ ಅದರಿಂದ ಫಿಟ್ಸ್ ಬರಬಹುದು.

ಹಂತ 8: ಪ್ರಶ್ನೆ ಕೇಳಿ, ನಿಜವಾಗಿ ಕಾಯಿರಿ

ಈ ಬರಹದಲ್ಲಿ ಒಂದೇ ಹಂತ ಓದುವುದಾದರೆ ಇದನ್ನು ಓದಿ.

ಮೇರಿ ಬಡ್ ರೋವ್ ಅನ್ನುವ ವಿಜ್ಞಾನ ಶಿಕ್ಷಣ ತಜ್ಞೆ ತರಗತಿಗಳ ಧ್ವನಿಮುದ್ರಣಗಳನ್ನು ಕೂತು ಕೇಳಿದರು. 1970ರ ದಶಕದ ಮಾತು. ಪ್ರಶ್ನೆ ಕೇಳಿದ ಮೇಷ್ಟ್ರು ಉತ್ತರಕ್ಕೆ ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದವರೂ ಬಾಯಿಬಿಟ್ಟರು. ಎದುರೆದುರು ಕೂತ ತರಗತಿಯಲ್ಲೇ ಹೀಗೆ. ನಮ್ಮದು ಹನ್ನೆರಡು ಸೆಕೆಂಡು ದೂರದ ತರಗತಿ.

ಚೀಟಿಯಲ್ಲಿ ಬರೆದ ಆ ಅಂತರ ಈಗ ತೆಗೆಯಿರಿ. ಅಂತರ 12, ಯೋಚಿಸಲು 15, ಟೈಪ್ ಮಾಡಲು 15. ಒಟ್ಟು 42 ಸೆಕೆಂಡು. ಅಷ್ಟು ಹೊತ್ತು ನೀವು ಬಾಯಿ ಮುಚ್ಚಿಕೊಂಡಿರಬೇಕು. ಸುಳಿವು ಕೊಡಬಾರದು, "ಬೇಗ ಬೇಗ" ಅನ್ನಬಾರದು, "ಯಾರೂ ಇಲ್ವಾ?" ಅಂತ ಅಣಕಿಸಬಾರದು. ನಾನು ಆಗ ನೀರು ಕುಡಿಯುತ್ತೇನೆ. ಲೈವ್ ಶುರು ಮಾಡಿದ ಮೇಲೆ ನನ್ನ ನೀರು ಕುಡಿಯುವ ಅಭ್ಯಾಸ ಬಹಳ ಸುಧಾರಿಸಿದೆ.

ಒಂದು ಪ್ರಶ್ನೆಯನ್ನು ಹತ್ತಿರದಿಂದ ನೋಡೋಣ. ಪರದೆಯಲ್ಲಿ ದೊಡ್ಡದಾಗಿ "ಪ್ರಶ್ನೆ 3: 1/2 + 1/3 = ?" ಅಂತ ಹಾಕುತ್ತೇನೆ. ಕೆಳಗೆ ನಾಲ್ಕು ಆಯ್ಕೆ. ಎ ಅಂದರೆ 2/5. ಬಿ ಅಂದರೆ 5/6. ಸಿ ಅಂದರೆ 2/6. ಡಿ ಅಂದರೆ "ಇನ್ನೂ ಗೊತ್ತಾಗಿಲ್ಲ". ಎರಡು ಸಲ ಓದುತ್ತೇನೆ. "ಉತ್ತರ 3ಎ, 3ಬಿ ಹೀಗೆ ಬರೆಯಿರಿ. ಬರೆದು ಇಟ್ಟುಕೊಳ್ಳಿ, ನಾನು 'ಕಳಿಸಿ' ಅಂದಾಗ ಕಳಿಸಿ" ಅನ್ನುತ್ತೇನೆ.

ಇದರಲ್ಲಿ ಯಾವುದೂ ಸುಮ್ನೆ ಇಟ್ಟದ್ದಲ್ಲ. ಪ್ರಶ್ನೆಗೆ ಸಂಖ್ಯೆ ಇರುವುದರಿಂದ ತಡವಾಗಿ ಬಂದ ಉತ್ತರ ಯಾವ ಪ್ರಶ್ನೆಯದು ಅಂತ ಗೊತ್ತಾಗುತ್ತದೆ. ನನ್ನ ಮೊದಲ ಪಾಠ ಕೆಟ್ಟದ್ದು ಇದಿಲ್ಲದೆ. ಎರಡೇ ಅಕ್ಷರದ ಉತ್ತರ ಆದ್ದರಿಂದ ಟೈಪಿಂಗ್ ಕಷ್ಟ ಇರುವವರೂ, ಕಾಗುಣಿತದ ಭಯ ಇರುವವರೂ ಹಿಂದೆ ಬೀಳುವುದಿಲ್ಲ. ಎ ಆರಿಸಿದವರು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿದ್ದಾರೆ. ಸಿ ಆರಿಸಿದವರಿಗೆ ಛೇದ 6 ಮಾಡಬೇಕು ಅಂತ ಗೊತ್ತು, ಆದರೆ ಅಂಶವನ್ನು ಬದಲಾಯಿಸಲು ಮರೆತಿದ್ದಾರೆ. ಇಬ್ಬರಿಗೂ ಬೇಕಾದ ಮದ್ದು ಬೇರೆ ಬೇರೆ. ಎ ಜಾಸ್ತಿ ಬಂದರೆ "ಅರ್ಧ ರೊಟ್ಟಿಗೆ ಇನ್ನಷ್ಟು ಸೇರಿಸಿದೆವು, ಆದರೆ 2/5 ಅರ್ಧಕ್ಕಿಂತ ಕಡಿಮೆ ಅಲ್ವಾ?" ಅಂತ ಅಲ್ಲಿಂದ ಶುರು ಮಾಡುತ್ತೇನೆ. ಸಿ ಜಾಸ್ತಿ ಬಂದರೆ ನೇರ ಗುಣಾಕಾರಕ್ಕೆ ಹೋಗುತ್ತೇನೆ. ಲೈವ್ ಬೇಕಾದದ್ದು ಇದಕ್ಕೇ.

ಡಿ ಬಗ್ಗೆ ಒಂದು ಮಾತು. "ಇನ್ನೂ ಗೊತ್ತಾಗಿಲ್ಲ" ಅನ್ನುವುದನ್ನು ಆಯ್ಕೆಯಾಗಿ ಕೊಟ್ಟರೆ ಊಹೆ ಹೊಡೆಯುವುದು ಕಡಿಮೆಯಾಗುತ್ತದೆ. ಡಿ ಬರೆದವರಿಗೆ ಮೊದಲ ಸಲವೇ ಥ್ಯಾಂಕ್ಸ್ ಹೇಳಿ. ಮುಂದಿನ ಪಾಠದಲ್ಲಿ ಇನ್ನೂ ನಾಲ್ಕು ಜನ ಧೈರ್ಯ ಮಾಡುತ್ತಾರೆ.

"ಕಳಿಸಿ" ಅಂತ ತಡೆಯುವುದು ಯಾಕೆ? ಚಾಟ್‌ನಲ್ಲಿ ಮೊದಲು ಬಿದ್ದ ಉತ್ತರ ನೋಡಿ ಉಳಿದವರು ಅದನ್ನೇ ಬರೆಯುತ್ತಾರೆ. ಚುರುಕಾದ ಇಬ್ಬರು ಇಡೀ ತರಗತಿಯ ಯೋಚನೆಯನ್ನೇ ಮುಗಿಸಿಬಿಡುತ್ತಾರೆ. ಅಂತರ ಎಲ್ಲರಿಗೂ ಒಂದೇ ಇರುವುದಿಲ್ಲ, ಹಾಗಾಗಿ ಇದು ನೂರಕ್ಕೆ ನೂರು ಕೆಲಸ ಮಾಡುವುದಿಲ್ಲ. ಪಕ್ಕಾ ಬೇಕಾದರೆ ಪೋಲ್ ಬಳಸಿ, ಅಂದರೆ ಆಯ್ಕೆ ಒತ್ತಿ ಮತ ಹಾಕುವ ಸೌಲಭ್ಯ.

ಎಲ್ಲಕ್ಕೂ ಆಯ್ಕೆ ಪ್ರಶ್ನೆಯೇ ಆಗಬಾರದು. ಕಾಸ್ಟ್ ಅನ್ನುವ ಸಂಸ್ಥೆ ರೂಪಿಸಿದ ಯೂನಿವರ್ಸಲ್ ಡಿಸೈನ್ ಫಾರ್ ಲರ್ನಿಂಗ್ ಅನ್ನುವ ಚೌಕಟ್ಟು ಹೇಳುವ ಮೂರು ತತ್ವಗಳಲ್ಲಿ ಒಂದು ಇದೇ: ತಿಳಿದದ್ದನ್ನು ತೋರಿಸಲು ಒಂದಕ್ಕಿಂತ ಹೆಚ್ಚು ದಾರಿ ಇರಲಿ. ಪಾಠದಲ್ಲಿ ಒಂದು ಸಲವಾದರೂ "ಬರೆದು ಫೋಟೋ ಕಳಿಸಿ, ಇಲ್ಲವೇ ದನಿ ಸಂದೇಶ ಕಳಿಸಿ, ಇಲ್ಲವೇ ಚಾಟ್‌ನಲ್ಲಿ ಎರಡು ಸಾಲು ಬರೆಯಿರಿ" ಅಂತ ಬಿಡುತ್ತೇನೆ. ಚಾಟ್‌ನಲ್ಲಿ ಒಂದು ಪದವೂ ಬರೆಯದ ಹುಡುಗಿಯೊಬ್ಬಳು ದನಿ ಸಂದೇಶದಲ್ಲಿ ಎರಡು ನಿಮಿಷ ವಿವರಿಸಿದ್ದು ನನಗೆ ಇನ್ನೂ ನೆನಪಿದೆ. ಅವಳ ವಿವರಣೆ ನನ್ನದಕ್ಕಿಂತ ಚೆನ್ನಾಗಿತ್ತು.

ಹಂತ 9: ಚಾಟ್ ನೋಡಲು ಇನ್ನೊಬ್ಬರು

ಪಾಠ ಮಾಡುತ್ತಾ ಚಾಟ್ ಓದುವುದು ಆಗದ ಮಾತು. ಸಹೋದ್ಯೋಗಿಯೋ ಹಿರಿಯ ವಿದ್ಯಾರ್ಥಿಯೋ ಒಬ್ಬರು ಜೊತೆಗಿರಲಿ. ಒಂದೇ ಥರದ ಸಂದೇಹಗಳನ್ನು ಸೇರಿಸಿ ನಿಮಗೆ ಹೇಳುವುದು, ದನಿ ನಿಂತಿದೆ ಅಂತ ಎಚ್ಚರಿಸುವುದು, ಕೆಟ್ಟ ಮಾತು ಬಂದರೆ ಅಳಿಸುವುದು ಅವರ ಕೆಲಸ. ಸಿಗದಿದ್ದರೆ "15ನೇ ನಿಮಿಷಕ್ಕೆ, 30ನೇ ನಿಮಿಷಕ್ಕೆ ಚಾಟ್ ನೋಡುತ್ತೇನೆ" ಅಂತ ಮೊದಲೇ ಹೇಳಿ, ಹಾಗೇ ಮಾಡಿ.

ಚಾಟ್‌ನ ಸಂದೇಹಕ್ಕೆ ಉತ್ತರಿಸುವ ಮುನ್ನ ಅದನ್ನು ಓದಿ ಹೇಳಿ. ಸ್ಕ್ರೀನ್ ರೀಡರ್ ಬಳಸುವವರಿಗೆ ಓಡುವ ಚಾಟ್ ಒಂದು ಕಾಟ. ನಿಮ್ಮ ಮಾತು ಒಂದು ಕಡೆ, ಚಾಟ್ ಓದುವ ಯಂತ್ರದ ದನಿ ಇನ್ನೊಂದು ಕಡೆ. ಅವರು ಚಾಟ್ ಮುಚ್ಚಿಟ್ಟು ನಿಮ್ಮನ್ನೇ ನಂಬಿರುತ್ತಾರೆ.

ಹಂತ 10: ಕೈಕೊಟ್ಟಾಗ

ಕೈಕೊಡುತ್ತದೆ, ಅದರಲ್ಲಿ ಅನುಮಾನ ಬೇಡ. ನೆಟ್‌ವರ್ಕ್ ಕುಗ್ಗಿದರೆ ಮೊದಲು ಚಿತ್ರದ ಗಾತ್ರ ಇಳಿಸಿ, ಆಮೇಲೆ ಮುಖದ ಕ್ಯಾಮೆರಾ ತೆಗೆಯಿರಿ, ದನಿ ಮಾತ್ರ ಕೊನೆಯವರೆಗೂ ಬಿಡಬೇಡಿ. ಪೂರ್ತಿ ಕಡಿದುಹೋದರೆ ಎಲ್ಲಿ ಸೇರಬೇಕು ಅನ್ನುವುದು ಮೊದಲೇ ತೀರ್ಮಾನ ಆಗಿರಲಿ: "ಐದು ನಿಮಿಷದಲ್ಲಿ ಬರದಿದ್ದರೆ ಗುಂಪಿನಲ್ಲಿ ಸಂದೇಶ ನೋಡಿ, ಅಷ್ಟರಲ್ಲಿ ಪುಟ 6ರ ಲೆಕ್ಕ ಮಾಡಿ." ಜೊತೆಗೆ ಕಂಪ್ಯೂಟರ್‌ನಲ್ಲೂ ರೆಕಾರ್ಡ್ ಆಗುತ್ತಿರಲಿ. ಒಬಿಎಸ್‌ನಲ್ಲಿ ಎಂಕೆವಿ ರೂಪದಲ್ಲಿ ಉಳಿಸಿದರೆ ನಡುವೆ ಕರೆಂಟ್ ಹೋದರೂ ಅಲ್ಲಿಯವರೆಗಿನದು ಉಳಿಯುತ್ತದೆ.

ಹಂತ 11: ಮುಗಿದ ಮೇಲೆ

ಯೂಟ್ಯೂಬ್‌ನಲ್ಲಿ 12 ಗಂಟೆಗಿಂತ ಕಡಿಮೆ ಇರುವ ಲೈವ್ ತಾನಾಗಿ ಉಳಿಯುತ್ತದೆ. ಅದನ್ನು ಹಾಗೇ ಬಿಡಬೇಡಿ. ಶುರುವಿನ "ಕೇಳಿಸ್ತಿದೆಯಾ, ಕೇಳಿಸ್ತಿದೆಯಾ" ಕತ್ತರಿಸಿ. ವಿವರಣೆಯಲ್ಲಿ ಸಮಯ ಬರೆದು ಅಧ್ಯಾಯ ಮಾಡಿ. ಮೊದಲನೆಯದು 0:00 ಇರಬೇಕು, ಕನಿಷ್ಠ ಮೂರು ಇರಬೇಕು, ಒಂದೊಂದೂ ಹತ್ತು ಸೆಕೆಂಡಿಗಿಂತ ಕಡಿಮೆ ಆಗಬಾರದು. ಅಧ್ಯಾಯದ ಹೆಸರು "ಭಾಗ 2" ಅಂತ ಬೇಡ, "1/2 + 1/3 ಯಾಕೆ 2/5 ಅಲ್ಲ" ಅಂತಿರಲಿ. ಕ್ಯಾಪ್ಶನ್ ಪೂರ್ತಿ ತಿದ್ದಲು ಸಮಯ ಇಲ್ಲದಿದ್ದರೆ ಆ ಎಂಟು ಹತ್ತು ಮುಖ್ಯ ಪದಗಳನ್ನಾದರೂ ತಿದ್ದಿ.

ಆಮೇಲೆ ನಿಮ್ಮ ರೆಕಾರ್ಡಿಂಗ್‌ನ ಐದು ನಿಮಿಷ ಎರಡು ಸಲ ನೋಡಿ. ಒಮ್ಮೆ ದನಿ ಬಂದ್ ಮಾಡಿ. ಇನ್ನೊಮ್ಮೆ ಕಣ್ಣು ಮುಚ್ಚಿ. ಮೊದಲ ಸಲ ದನಿ ಇಲ್ಲದೆ ನೋಡಿದಾಗ ನನ್ನ ಬಲಗೈ ಬರೆದದ್ದನ್ನೆಲ್ಲ ಮುಚ್ಚಿಕೊಂಡೇ ಇದ್ದದ್ದು ಕಂಡಿತು. ಕಣ್ಣು ಮುಚ್ಚಿ ಕೇಳಿದಾಗ ಐದು ನಿಮಿಷದಲ್ಲಿ ಹನ್ನೊಂದು ಸಲ "ಇಲ್ಲಿ" ಅಂದಿದ್ದೆ. ಈಗ ಎರಡಕ್ಕೆ ಇಳಿದಿದೆ. ಕೈ ಮಾತ್ರ ಇನ್ನೂ ಅಡ್ಡ ಬರುತ್ತದೆ. ಹಾಗಾಗಿ ಚೀಟಿಯಲ್ಲಿ 12ರ ಕೆಳಗೆ "ಕೈ ತೆಗಿ" ಅಂತಲೂ ಬರೆದಿದ್ದೇನೆ.